ಅರವತ್ತೊಂಬತ್ತು ಜೋಡಿ

2024ರ ಜುಲೈ 8, ಸೋಮವಾರ, ಮಧ್ಯಾಹ್ನ 3 ಗಂಟೆ 10 ನಿಮಿಷ. ರೋಣ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ಬಂದ ಮುತ್ತಣ್ಣ ಬಣಗಾರ ಬೆವರಿನಲ್ಲಿ ಮಿಂದಿದ್ದ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ರೇಡಿಯೋ, ಟಿವಿ, ಇನ್ವರ್ಟರ್‌ಗಳ ಬಿಡಿಭಾಗ ಮಾರುವ ಅಂಗಡಿ ಅವನದು. ರೋಣ, ನರಗುಂದ, ಗಜೇಂದ್ರಗಡದ ರಿಪೇರಿಯವರಲ್ಲಿ ಅರ್ಧಕ್ಕರ್ಧ ಜನ ಅವನ ಕಟ್ಟೆ ಹತ್ತಿದವರೇ.

ಪಿ.ಎಸ್.ಐ. ಸಂಗನಬಸವ ಹಿರೇಗೌಡರ್ ಕೂರಲು ಕುರ್ಚಿ ತೋರಿಸಿದ.

“ಏನು ಹೋತ್ರಿ?”

“ಟ್ರಾನ್ಸಿಸ್ಟರ್ ಪೆಟಗಿ, ಸಾಹೇಬ್ರ. ಇನ್ವರ್ಟರಿಗೆ ಹಾಕೂ ದಪ್ಪನ್ವು. ನಾಕನೂರು ಇದ್ವು.”

“ಯಾವಾಗ?”

“ಊಟದ ಹೊತ್ತಿನ್ಯಾಗ. ಒಂದೂವರಿಗೆ ಮನಿಗೆ ಹೋದೆ, ಎರಡೂಕಾಲಿಗೆ ಬಂದೆ.”

“ಶಟರ್ ಮುರದಾರೇನು?”

“ಶಟರ್ ಎಳದಿದ್ದಿಲ್ರಿ. ಹೊಸ್ತಿಲಿಗೆ ಸ್ಟೂಲ್ ಅಡ್ಡ ಇಟ್ಟಿದ್ದೆ.”

ಆ ಓಣಿಯಲ್ಲಿ ಸ್ಟೂಲ್ ಅಡ್ಡ ಇಟ್ಟರೆ ಧಣಿ ಊಟಕ್ಕೆ ಹೋಗಿದ್ದಾನೆ ಎಂದರ್ಥ. ಗಿರಾಕಿ ಹೊರಗೆ ನಿಲ್ಲುತ್ತಾನೆಯೇ ಹೊರತು ಸ್ಟೂಲ್ ದಾಟುವುದಿಲ್ಲ. ನಾಯಿ ಕೂಡ ದಾಟುವುದಿಲ್ಲ ಎಂದು ಮುತ್ತಣ್ಣ ಹೆಮ್ಮೆಯಿಂದ ಹೇಳಿದ. ಇವತ್ತು ಯಾರೋ ದಾಟಿದ್ದರು.

“ಗಲ್ಲಾ?”

“ಮುಟ್ಟಿಲ್ರಿ. ಬ್ಯಾರೆ ಏನೂ ಮುಟ್ಟಿಲ್ಲ.”

“ನಿಮ್ಮ ಮಾಲು ಅಂತ ಗುರುತು ಹಿಡಿಯೂದು ಹ್ಯಾಂಗ?”

ಮುತ್ತಣ್ಣನ ಮುಖ ಸ್ವಲ್ಪ ಅರಳಿತು. “ಒಂದೊಂದಕ್ಕೂ ಕೆಂಪು ನೇಲ್ ಪಾಲಿಶಿನ ಚುಕ್ಕಿ ಇಟ್ಟೀನ್ರಿ. ಮಂದಿ ಎಲ್ಲೆಲ್ಲಿಂದೋ ಸುಟ್ಟ ಮಾಲು ತಂದು ಬದ್ಲಿ ಕೊಡ್ರಿ ಅಂತಾರ. ಚುಕ್ಕಿ ಇದ್ರ ನಂದು, ಇಲ್ಲಂದ್ರ ನಂದಲ್ಲ.”

“ಯಾವಾಗಿನ ಮಾಲು?”

“ಫೆಬ್ರುವರಿದು. ಐದನೂರು ತಂದಿದ್ದೆ, ನೂರು ಮಾರೇನಿ.”

ಹೆಡ್ ಕಾನ್ಸ್‌ಟೇಬಲ್ ರಾಯಣ್ಣ ಬರೆದುಕೊಂಡ. ಹೊಸ ಕಾನೂನು ಬಂದು ಎಂಟೇ ದಿನ. ಇಪ್ಪತ್ತಾರು ವರ್ಷ ಕಳವಿಗೆ ಕಲಂ 380 ಎಂದು ಬರೆದ ಕೈ ಈಗ ಗೋಡೆಗೆ ಅಂಟಿಸಿದ ಪಟ್ಟಿ ನೋಡಿ 305 ಎಂದು ಬರೆಯಬೇಕಾಗಿತ್ತು. ಬರೆದ, ಹೊಡೆದುಹಾಕಿದ, ಮತ್ತೆ ಬರೆದ. 3 ಗಂಟೆ 50ಕ್ಕೆ ಎಫ್‌ಐಆರ್ ದಾಖಲಾಯಿತು.

4 ಗಂಟೆ 30ಕ್ಕೆ ಸ್ಥಳ ಪಂಚನಾಮೆ. ಕೌಂಟರಿನ ಕೆಳಗೆ ಧೂಳಿನ ನಡುವೆ ಪೆಟ್ಟಿಗೆಯ ಆಕಾರದ ಚೌಕ ಮಾತ್ರ ಉಳಿದಿತ್ತು. ಹೋದ ಕಳ್ಳ ಸ್ಟೂಲನ್ನು ಮೊದಲಿದ್ದಂತೆಯೇ ಹೊಸ್ತಿಲಿಗೆ ಅಡ್ಡ ಇಟ್ಟು ಹೋಗಿದ್ದ.

“ಭಾಳ ಸಂಸ್ಕಾರವಂತ ಕಳ್ಳ,” ಎಂದ ರಾಯಣ್ಣ.

ಠಾಣೆಗೆ ಮರಳಿದಾಗ ಸಂಗನಬಸವನ ಮೇಜಿನ ಮೇಲೆ ಇನ್ನೊಂದು ಕಡತ ಕಾಯುತ್ತಿತ್ತು. ಮಾರ್ಚ್ 28ರಂದು ಅಸೂಟಿಯಲ್ಲಿ ಗುರುಸಂಗಪ್ಪ ಎಂಬ ಮುದುಕ ತೀರಿಕೊಂಡಿದ್ದ. ಶ್ವಾಸಕೋಶ ಕೆಟ್ಟು, ಆಮ್ಲಜನಕದ ಯಂತ್ರದ ಮೇಲೆ ಬದುಕಿದ್ದವನು. ಮುಂಜಾನೆ ಹನ್ನೊಂದಕ್ಕೆ ಕರೆಂಟ್ ಹೋಯಿತು. ಇನ್ವರ್ಟರ್ ಕೈಹಿಡಿಯಬೇಕಿತ್ತು. ಅದು ಹತ್ತು ನಿಮಿಷ ಓಡಿ, ಹೊಗೆ ಬಿಟ್ಟು ನಿಂತಿತು. ಆಮ್ಲಜನಕದ ಸಿಲಿಂಡರ್ ಬರುವಷ್ಟರಲ್ಲಿ ಹೆಂಡತಿ ಮುದುಕವ್ವನ ತೊಡೆಯ ಮೇಲೆಯೇ ಜೀವ ಹೋಗಿತ್ತು. ಆ ಇನ್ವರ್ಟರನ್ನು ಎಂಟು ದಿನದ ಹಿಂದೆ ರಿಪೇರಿ ಮಾಡಿದ್ದವನು ಅದೇ ಊರಿನ ಫಕೀರೇಶ. ನಿರ್ಲಕ್ಷ್ಯದಿಂದ ಸಾವು ಎಂದು ಕೇಸಾಗಿ, ಬಂಧನವಾಗಿ, ಜಾಮೀನಿನ ಮೇಲೆ ಬಂದಿದ್ದ. ಊರ ಬಾಯಿಗೆ ಮುಚ್ಚಳ ಎಲ್ಲಿದೆ? ಕೊಲೆಗಾರ ಎಂದೇ ಕರೆದರು. ಬೆಸುಗೆಗೆ ಕಾಸುವ ಕಡ್ಡಿಯನ್ನು ಬಾವಿಗೆ ಎಸೆದು, ಈಗ ಉಳ್ಳಾಗಡ್ಡಿ ಚೀಲ ಹೊರುತ್ತಿದ್ದ. ಜುಲೈ 15ರ ಸೋಮವಾರ ದೋಷಾರೋಪ ಪಟ್ಟಿ ಕೋರ್ಟಿಗೆ ಹೋಗಬೇಕು.

ಆ ಕಡತದ ಮೂರನೇ ಸಾಕ್ಷಿ ಇದೇ ಮುತ್ತಣ್ಣ. “ನಾಲ್ಕು ಟ್ರಾನ್ಸಿಸ್ಟರ್ ನನ್ನ ಅಂಗಡಿಯಿಂದಲೇ ಒಯ್ದಿದ್ದಾನೆ. ಮಾಲು ಅಸಲಿ ಇತ್ತು. ಅವನು ಕೂಡಿಸಿದ್ದು ಸರಿ ಇಲ್ಲ.” ಹೇಳಿಕೆಯ ಕೆಳಗೆ ಸಹಿಯೂ ಇತ್ತು.

ಕಡತ ಮುಚ್ಚುವಾಗ ಸಂಗನಬಸವನಿಗೆ ಮೇ 22 ನೆನಪಾಯಿತು. ಯಾರೋ ಒಬ್ಬ ಹಿರಿಯ ಹೆಂಗಸು ಬಂದು ಎರಡು ತಾಸು ಬೆಂಚಿನ ಮೇಲೆ ಕೂತು, ಮುತ್ತಣ್ಣನ ಮಾಲು ಖೋಟಾ, ಜಪ್ತಿ ಮಾಡಿ ತಪಾಸಣೆಗೆ ಕಳಿಸಿ ಎಂದಿದ್ದರು. ಪುರಾವೆ ತರ್ರಿ ಅಂದು ಕಳಿಸಿದ್ದ. ಹೆಸರು ಕೂಡ ಕೇಳಿರಲಿಲ್ಲ.

ಜುಲೈ 10, ಬುಧವಾರ, ಬೆಳಿಗ್ಗೆ 10 ಗಂಟೆ 15. ಠಾಣೆಯ ಹೊರಗೋಡೆಗೆ ತೂಗುಹಾಕಿದ ದೂರಿನ ಪೆಟ್ಟಿಗೆ ಒಂದು ಕಡೆ ವಾಲಿದ್ದನ್ನು ಮಹಿಳಾ ಪೇದೆ ಹೊಳೆವ್ವ ನೋಡಿದಳು. ನೆಟ್ಟಗೆ ಮಾಡಲು ಹೋದರೆ ಒಳಗೆ ಗಳಗಳ ಸದ್ದು. ಬೀಗದ ಕೈ ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಆ ಪೆಟ್ಟಿಗೆ ತೆರೆಯುವ ಪ್ರಸಂಗವೇ ಬಂದಿರಲಿಲ್ಲ. ತಿರುಪು ಬಿಚ್ಚಿದಾಗ ಬೀದಿನಾಯಿಯ ಮೇಲಿನ ಎರಡು ವರ್ಷದ ಹಳೆಯ ಅರ್ಜಿಯೊಂದರ ಜೊತೆಗೆ ವರ್ತಮಾನ ಪತ್ರಿಕೆಯ ಪುಡಿಕೆಗಳು ಉದುರಿದವು. ಎಣಿಸಿದರೆ ಅರವತ್ತೊಂಬತ್ತು. ಒಂದೊಂದರಲ್ಲಿ ಎರಡೆರಡು ಟ್ರಾನ್ಸಿಸ್ಟರ್. ಬೆನ್ನಿನ ಮೇಲೆ ಕೆಂಪು ಚುಕ್ಕಿ. ಪ್ರತಿ ಪುಡಿಕೆಯೊಳಗೆ ಪೆನ್ಸಿಲಿನಲ್ಲಿ ಬರೆದ ಸಣ್ಣ ಚೀಟಿ: 52–52. 47–48. 61–61.

ಇನ್ನೊಂದು ಚೀಟಿಯಲ್ಲಿ ದುಂಡನೆಯ ಅಕ್ಷರ: “ಇವು ಚಲೋ ಇದ್ದಾವೆ. ಧಣಿಗೆ ಮುಟ್ಟಿಸಿರಿ.”

ರಾಯಣ್ಣ ತಲೆ ಕೆರೆದುಕೊಂಡ. “ಸಾಹೇಬ್ರ, ಕದ್ದು ಮಾರೂ ಕಳ್ಳರನ್ನ ನೋಡೇನಿ, ಹೂಳೂ ಕಳ್ಳರನ್ನ ನೋಡೇನಿ. ಹಸನ ಮಾಡಿ ವಾಪಸ್ ಕೊಡೂ ಕಳ್ಳರನ್ನ ಇವತ್ತ ನೋಡಿದೆ.”

ಮುತ್ತಣ್ಣನನ್ನು ಕರೆಸಿದರು. ಪುಡಿಕೆ ನೋಡಿದವನು ಖುಷಿಪಡಲಿಲ್ಲ. ಚೀಟಿಯ ಅಂಕಿ ಓದಿದ, ಪುಡಿಕೆಯನ್ನು ಬೇಗ ಮಡಿಚಿಟ್ಟ.

“ನೂರಾ ಮೂವತ್ತೆಂಟು ಬಂದ್ವಲ್ರಿ, ಸಾಕು. ಕೇಸ್ ಮುಚ್ಚಿಬಿಡ್ರಿ, ಸಾಹೇಬ್ರ.”

“ಇನ್ನೂ ಎರಡನೂರಾ ಅರವತ್ತೆರಡು ಬರಬೇಕಲ್ರಿ?”

“ಹೋಗ್ಲಿ ಬಿಡ್ರಿ. ಸಣ್ಣ ಮಾಲು.”

“ಸೋಮವಾರ ಅಳು ಬಂದಿತ್ತು ನಿಮಗ. ಇವತ್ತ ಸಣ್ಣ ಮಾಲು ಆತೇನು? ಎಫ್‌ಐಆರ್ ಆದಮ್ಯಾಲೆ ಮುಚ್ಚು ಅಂದ್ರ ಮುಚ್ಚಂಗಿಲ್ರಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಅವನ ನಡೆ. ಸಂಗನಬಸವನ ಅನುಮಾನ ಅಲ್ಲಿಂದ ದಿಕ್ಕು ಬದಲಿಸಿತು. ಕಳ್ಳ ಯಾರು ಅನ್ನುವುದಕ್ಕಿಂತ, ಕಳ್ಳ ಇಟ್ಟುಕೊಂಡ ಮಾಲಿನಲ್ಲಿ ಏನಿದೆ ಎಂದು ತಿಳಿಯಬೇಕೆನಿಸಿತು.

ಅಷ್ಟರಲ್ಲಿ ರಾಯಣ್ಣ, “ಈ ನಮೂನಿ ಚೀಟಿ ನಾ ಎಲ್ಲೋ ನೋಡೇನಿ,” ಅನ್ನುತ್ತ ಒಳಗೆ ಹೋದ. ಬಂದೋಬಸ್ತಿಗೆ ಒಯ್ಯುವ ಠಾಣೆಯ ಮೈಕಿನ ಆಂಪ್ಲಿಫೈಯರ್ ಹೊತ್ತು ತಂದು ಮುಚ್ಚಳ ಬಿಚ್ಚಿದ. ಒಳಗೆ, ಎರಡು ಟ್ರಾನ್ಸಿಸ್ಟರಿನ ಪಕ್ಕದಲ್ಲಿ ಅಂಟಿಸಿದ ಚೀಟಿ: 58–58.

“ಯಾರು ರಿಪೇರಿ ಮಾಡಿದ್ದು?”

“ಗಜೇಂದ್ರಗಡದ ಟಿಪ್ಪುಸಾಬ. ಹೋದ ವರ್ಷ.”

ಜುಲೈ 11, ಗುರುವಾರ, ಬೆಳಿಗ್ಗೆ 9 ಗಂಟೆ 40. ಗಜೇಂದ್ರಗಡದಲ್ಲಿ ಗುಡ್ಡದ ಬುಡದ ಓಣಿಯ ಅಂಗಡಿ. ಟಿಪ್ಪುಸಾಬನ ವಯಸ್ಸು ನಲವತ್ತರ ಆಸುಪಾಸು. ಪೊಲೀಸರನ್ನು ಕಂಡು ಎದ್ದು ನಿಂತನೇ ಹೊರತು ಕೈಯಲ್ಲಿದ್ದ ಕೆಲಸ ಬಿಡಲಿಲ್ಲ.

“ಸೋಮವಾರ ಮಧ್ಯಾಹ್ನ ಎಲ್ಲಿದ್ದಿ?” ಸಂಗನಬಸವ ಕೇಳಿದ.

“ಇಲ್ಲೇ. ಶಾದಿಮಹಲಿನ ಮೈಕ್ ಬಿಚ್ಚಿಕೊಂಡು ಕುಂತಿದ್ದೆ. ಓಣಿ ಮಂದಿನ್ನ ಕೇಳ್ರಿ.”

ಕೇಳಿದರು. ನಿಜವೇ ಆಗಿತ್ತು.

“ಈ ಅಂಕಿ ಏನು?”

ಅವನು ಸಾಬೂನಿನ ಡಬ್ಬಿಯಷ್ಟೇ ಇದ್ದ ಯಂತ್ರವೊಂದನ್ನು ತೆಗೆದ. ಟ್ರಾನ್ಸಿಸ್ಟರಿನ ಮೂರು ಕಾಲುಗಳನ್ನು ಅದರ ಮೂರು ತೂತಿಗೆ ಇಳಿಸಿ, ಗುಂಡಿ ಒತ್ತಿದ. ಪುಟ್ಟ ಪರದೆಯ ಮೇಲೆ ಯಾವ ಕಾಲು ಯಾವುದು ಎಂಬ ಚಿತ್ರ ಮೂಡಿತು, ಪಕ್ಕದಲ್ಲಿ ಒಂದು ಅಂಕಿ: 55.

“ಸಣ್ಣ ಕರೆಂಟನ್ನ ಎಷ್ಟು ಪಟ್ಟು ದೊಡ್ಡದು ಮಾಡ್ತೈತಿ ಅನ್ನೂ ಲೆಕ್ಕ, ಸಾಹೇಬ್ರ. ಎರಡು ಕೂಡಿ ಭಾರ ಎಳಿಬೇಕಂದ್ರ ಎತ್ತಿನ ಜೋಡಿ ಇದ್ಧಂಗ ಇರಬೇಕು. ಒಂದು ಗಟ್ಟಿ ಒಂದು ಬಡಕಲು ಆದ್ರ ಬಂಡಿ ಹಳ್ಳಕ್ಕ. ಅದಕ್ಕ ತಪಾಸ ಮಾಡಿ, ಜೋಡಿ ಹಚ್ಚಿ, ಚೀಟಿ ಬರದು ಒಳಗ ಇಡ್ತೀವಿ.”

“ಇಡ್ತೀವಿ ಅಂದ್ರ? ಯಾರ್ಯಾರು?”

“ಕಲತವರು.”

“ಯಾರ ಕಡೆ ಕಲತವರು?”

ಟಿಪ್ಪುಸಾಬ ಕಾಸುವ ಕಡ್ಡಿಯನ್ನು ಸ್ಟ್ಯಾಂಡಿಗಿಟ್ಟ. “ಅದನ್ನ ಹೇಳಂಗಿಲ್ರಿ.”

“ಠಾಣೆಗೆ ಬರಬೇಕಾಗ್ತದ.”

“ಬರ್ತೀನಿ. ಅಲ್ಲೂ ಹೇಳಂಗಿಲ್ಲ. ಬೇಕಾದ್ರ ನಿಮ್ಮ ಮೈಕ್ ಮುಂದಿನ ಸಲ ಪುಕ್ಕಟೆ ಮಾಡಿಕೊಡ್ತೀನಿ, ಹೆಸರು ಮಾತ್ರ ಕೇಳಬ್ಯಾಡ್ರಿ.”

ಹೇಳುವ ಅಗತ್ಯವೂ ಇರಲಿಲ್ಲ. ಅವನ ತಲೆಯ ಮೇಲೆ, ಗೋಡೆಯಲ್ಲಿ, ಗುಂಪಿನ ಫೋಟೋ ಒಂದಿತ್ತು. ಯಾವುದೋ ಗುರುವಂದನೆ. ಹೊಸಬರು ಹಳಬರು ಸೇರಿ ಇಪ್ಪತ್ತು ವಿದ್ಯಾರ್ಥಿಗಳು, ನಡುವೆ ಕುರ್ಚಿಯಲ್ಲಿ ದಪ್ಪ ಕನ್ನಡಕದ, ಬಿಗಿಯಾಗಿ ಸೆರಗು ಹೊದ್ದ ಹೆಂಗಸು. ಹಿಂದಿನ ಸಾಲಿನಲ್ಲಿ ನಗುತ್ತ ನಿಂತವನು ಫಕೀರೇಶ. ಕುರ್ಚಿಯಲ್ಲಿದ್ದ ಮುಖವನ್ನು ಸಂಗನಬಸವ ತಕ್ಷಣ ಗುರುತಿಸಿದ. ಮೇ 22ರಂದು ತನ್ನ ಠಾಣೆಯ ಬೆಂಚಿನ ಮೇಲೆ ಎರಡು ತಾಸು ಕೂತ ಮುಖ ಅದು. ಅವನಿಗೆ ನಾಚಿಕೆಯಾಯಿತು. ಫೋಟೋದ ಕೆಳಗೆ ಹೆಸರು ಅಚ್ಚಾಗಿತ್ತು: ಭಾಗೀರಥಿಬಾಯಿ ಇನಾಮದಾರ, ನಿವೃತ್ತ ಐಟಿಐ ಶಿಕ್ಷಕಿ, ನರಗುಂದ.

ಮಧ್ಯಾಹ್ನ 2 ಗಂಟೆ 35ಕ್ಕೆ ಜೀಪು ನರಗುಂದ ಮುಟ್ಟಿತು. ಜೊತೆಗೆ ರಾಯಣ್ಣ, ಹೊಳೆವ್ವ ಇದ್ದರು. ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ಚಾಪೆಯ ಮೇಲೆ ಅರವತ್ತೊಂದರ ಭಾಗೀರಥಿಬಾಯಿ ಕೂತಿದ್ದರು. ಮುಂದೆ ಜೋಳ ಹಸನು ಮಾಡುವ ಮೊರ, ಮೊರದ ತುಂಬ ಟ್ರಾನ್ಸಿಸ್ಟರ್, ಕೈಯಲ್ಲಿ ಅದೇ ಸಾಬೂನಿನ ಡಬ್ಬಿಯಂಥ ಯಂತ್ರ.

“ಬರ್ರಿ. ನಿನ್ನೆನ ಬರ್ತೀರಿ ಅಂದಕೊಂಡಿದ್ದೆ,” ಎಂದರು. “ಚಹಾ ಆಮ್ಯಾಲೆ. ಮೊದಲ ಕೆಲಸ.”

“ಇವು ಮುತ್ತಣ್ಣನವೇನ್ರಿ?”

“ಅವನ್ವ. ಸ್ಟೂಲ್ ದಾಟಿ ಹೋಗಿ ತಂದೇನಿ. ಯಾರೂ ಕಳಿಸಿಲ್ಲ, ಯಾರೂ ಕೂಡಿಲ್ಲ. ಬರಕೊಳ್ರಿ.”

“ಕೊಂಡು ತಪಾಸ ಮಾಡಬಹುದಿತ್ತಲ್ರಿ?”

“ಮಾಡಲಿಲ್ಲಂತ ತಿಳಿದೀರೇನು? ಹತ್ತು ಕೊಡಪಾ ಅಂದೆ. ಕೌಂಟರಿನ ಕೆಳಗಿನ ಪೆಟಗಿ ಮುಟ್ಟದ, ಮ್ಯಾಲಿನ ಡಬ್ಬಿಯಿಂದ ಎಣಿಸಿ ಕೊಟ್ಟ. ಹತ್ತೂ ಬಂಗಾರ. ನನ್ನ ಕಣ್ಣಿಗೆ ಮಣ್ಣು ಎರಚ್ಯಾನ ಅಂತ ಗೊತ್ತಾತು. ಕೆಳಗಿನ ಪೆಟಗಿನ ಬೇಕಿತ್ತು, ಅದನ್ನ ತಂದೆ.”

“ಮತ್ತ ಚಲೋ ಮಾಲು ವಾಪಸ್ ಯಾಕ?”

“ಚಲೋ ಮಾಲು ಇಟಗೊಂಡ್ರ ಕಳವು. ಖೋಟಾ ಮಾಲು ಇಟಗೊಂಡ್ರ ಅದಕ್ಕ ಏನಂತಾರೋ, ನೀವು ಕಾನೂನು ಓದಿದವರು, ನೀವ ಹೇಳ್ರಿ.”

ಹೊಸ ಕಾನೂನಿನಂತೆ ಜಪ್ತಿಯ ವಿಡಿಯೋ ಆಗಬೇಕು. ರಾಯಣ್ಣ ಮೊಬೈಲ್ ಎತ್ತಿದ. ಅಕ್ಕಪಕ್ಕದ ಮನೆಯ ಇಬ್ಬರು ಪಂಚರಾಗಿ ಬಂದರು. ಮಾಲು ಗುರುತಿಸಲು ಮುತ್ತಣ್ಣನಿಗೆ ಫೋನು ಹೋಯಿತು. ಅವನು ಬರುವವರೆಗೆ ಪಂಚನಾಮೆ ಶುರು ಮಾಡಬೇಡಿ ಎಂದು ಭಾಗೀರಥಿಬಾಯಿ ಹಟ ಹಿಡಿದರು. ಆರೋಪಿಯ ಮಾತು ಕೇಳಿ ಪೊಲೀಸರು ಕಾಯ್ದದ್ದು ಸಂಗನಬಸವನ ಸೇವೆಯಲ್ಲಿ ಅದೇ ಮೊದಲು.

4 ಗಂಟೆಗೆ ಮುತ್ತಣ್ಣ ಬಂದ. ಮೊರದತ್ತ ನೋಡಿ ದೂರದಿಂದಲೇ ಅಂದ, “ಇವು ನನ್ವಲ್ರಿ.”

ಸಂಗನಬಸವ ಎಫ್‌ಐಆರ್ ಪ್ರತಿ ತೆಗೆದು ಓದಿದ. “ಒಂದೊಂದಕ್ಕೂ ಕೆಂಪು ನೇಲ್ ಪಾಲಿಶಿನ ಚುಕ್ಕಿ ಇರುತ್ತದೆ. ಚುಕ್ಕಿ ಇದ್ದರೆ ನನ್ನದು. ನಿಮ್ಮ ಮಾತು, ನಿಮ್ಮ ಸಹಿ. ಹೌದಲ್ಲ?”

“ಹೌದ್ರಿ.”

“ಚುಕ್ಕಿ ಅದಾವೋ ಇಲ್ಲೋ?”

ಮುತ್ತಣ್ಣ ಮೊಬೈಲಿನ ಕಣ್ಣು ನೋಡಿದ, ಪಂಚರನ್ನು ನೋಡಿದ. ನನ್ನದಲ್ಲ ಎಂದರೆ ಕೊಟ್ಟ ದೂರು ಸುಳ್ಳು. ನನ್ನದು ಎಂದರೆ ಮೊರದಲ್ಲಿದ್ದುದೆಲ್ಲ ತನ್ನ ಕೊರಳಿಗೆ. ಊರಿಗೆಲ್ಲ ಚುಕ್ಕಿ ತೋರಿಸಿ ಗಿರಾಕಿಯನ್ನು ತಿರುಗಿ ಕಳಿಸುತ್ತಿದ್ದವನು ಇವತ್ತು ತನ್ನ ಚುಕ್ಕಿಗೆ ತಾನೇ ಸಿಕ್ಕಿಬಿದ್ದಿದ್ದ.

“ನನ್ವ,” ಅಂದ ಮೆಲ್ಲಗೆ, ಸಹಿ ಹಾಕಿದ.

“ವಿಡಿಯೋ ಓಡ್ಲಿಕತ್ತದ ಹೌದಲ್ಲೋ?” ಎಂದು ಭಾಗೀರಥಿಬಾಯಿ ರಾಯಣ್ಣನನ್ನು ಕೇಳಿ, ಪಾಠಕ್ಕೆ ಕೂತವರಂತೆ ಬೆನ್ನು ನೆಟ್ಟಗೆ ಮಾಡಿದರು. ಠಾಣೆಯಿಂದ ತಂದ ಅರವತ್ತೊಂಬತ್ತು ಪುಡಿಕೆಯಲ್ಲಿ ಒಂದನ್ನು ತೆರೆದು ಯಂತ್ರಕ್ಕೆ ಹಾಕಿದರು. 52. ಮೊರದಿಂದ ಒಂದನ್ನು ಹಾಕಿದರು. 189. ಇನ್ನೊಂದು, 193. ಮತ್ತೊಂದಕ್ಕೆ ಕೆಟ್ಟ ಭಾಗ ಎಂಬ ಸೂಚನೆ.

“ಅಂಕಿ ಹೆಚ್ಚಾದ್ರ ಚಲೋ ಅಲ್ಲೇನ್ರಿ?” ಪಂಚರಲ್ಲಿ ಒಬ್ಬ ಕೇಳಿದ.

“ಎಲ್ಲಾರೂ ಹಂಗ ತಿಳೀತಾರ. ಈ ಜಾತಿ ದಪ್ಪ ಟ್ರಾನ್ಸಿಸ್ಟರಿಗೆ ನಲವತ್ತು, ಐವತ್ತು, ಭಾಳಂದ್ರ ಎಪ್ಪತ್ತು. ನೂರಾ ತೊಂಬತ್ತು ತೋರಿಸ್ತಂದ್ರ ಒಳಗ ಕುಂತದ್ದು ಸಣ್ಣ ಜಾತಿದು. ನೋಡ್ರಿ.”

ಇಕ್ಕಳದಿಂದ ಎರಡನ್ನೂ ಒಡೆದರು. 52ರದ್ದರೊಳಗೆ ಜೋಳದ ಕಾಳಿನಷ್ಟು ದೊಡ್ಡ ಹೊಳೆಯುವ ಚೂರು. 189ರದ್ದರೊಳಗೆ ಎಳ್ಳುಕಾಳಿನಷ್ಟು. ಹೊರಗಿನ ಅಂಗಿ ಒಂದೇ, ಮೇಲಿನ ಅಚ್ಚೂ ಒಂದೇ.

“ಚಲೋ ಕಾಳಿನ್ಯಾಗ ಹಳ್ಳು ಕಲಿಸಿಧಂಗ ಕಲಿಸ್ಯಾನ. ಮನಿ ದೀಪಕ್ಕ, ಫ್ಯಾನಿಗೆ ತಡೀತಾವ. ಆಕ್ಸಿಜನ್ ಯಂತ್ರದ ಭಾರ ಬಿದ್ದರ ಹತ್ತು ನಿಮಿಷ.”

“ನನಗೂ ಹಂಗ ಬಂದಿದ್ವು, ಬಾಯಾರ,” ಮುತ್ತಣ್ಣ ತೊದಲಿದ.

“ಹಂಗಾರ ಇವರಿಗೆ ಮ್ಯಾಲಿನ ಡಬ್ಬಿಯಿಂದ ಯಾಕ ಕೊಟ್ರಿ?” ಸಂಗನಬಸವ ಕೇಳಿದ.

ಮುತ್ತಣ್ಣ ಬಾಗಿಲತ್ತ ನೋಡಿದ. ಉತ್ತರ ಕೊಡಲಿಲ್ಲ ಎಂಬುದನ್ನೂ ರಾಯಣ್ಣ ಪಂಚನಾಮೆಯಲ್ಲಿ ಬರೆದ.

ಜಪ್ತಿ ಮುಗಿಯಿತು. ಸಂಗನಬಸವ ನೋಟೀಸಿನ ನಮೂನೆ ತೆಗೆದ. “ಬಾಯಾರ, ನಿಮಗ ನೋಟೀಸು ಕೊಟ್ಟು ಬಿಡಬಹುದು. ವಯಸ್ಸಾಗೈತಿ. ಕರದಾಗ ಬಂದ್ರ ಸಾಕು.”

“ಬ್ಯಾಡ. ಬಂಧಿಸ್ರಿ.”

“ಯಾಕ್ರಿ?”

“ನೋಟೀಸು ಕೊಟ್ಟರ ಈ ಮಾಲು ನಿಮ್ಮ ಕಪಾಟಿನ್ಯಾಗ ಧೂಳು ತಿಂತದ. ಬಂಧಿಸಿದ್ರ ನಾಳೆ ನನ್ನನ್ನ ನ್ಯಾಯಾಧೀಶರ ಮುಂದ ನಿಲ್ಲಿಸಬೇಕು, ಪಂಚನಾಮೆ ಅವರ ಮೇಜಿಗೆ ಹೋಗಬೇಕು. ಸೋಮವಾರ ಫಕೀರೇಶನ ಮ್ಯಾಲೆ ಚಾರ್ಜ್‌ಶೀಟ್ ಹಾಕ್ತೀರಿ. ಅದಕ್ಕಿಂತ ಮೊದಲ ಇದು ಕೋರ್ಟಿನ್ಯಾಗ ಇರಬೇಕು. ಅಪಮಾನ ನಂದು, ನಾ ನೋಡಿಕೋತೀನಿ.”

ಸಂಜೆ 5 ಗಂಟೆ 5 ನಿಮಿಷಕ್ಕೆ ಹೊಳೆವ್ವ ಅವರನ್ನು ಬಂಧಿಸಿದಳು. ಕೈ ಹಿಡಿಯಲು ಅವಳಿಗೆ ಮನಸ್ಸಾಗಲಿಲ್ಲ. ಭಾಗೀರಥಿಬಾಯಿ ತಾವೇ ಮುಂದಾಗಿ ಜೀಪು ಹತ್ತಿದರು. “ಆ ಯಂತ್ರಾನೂ ಜಪ್ತಿ ಮಾಡ್ರಿ. ಹೊಸಾ ಬ್ಯಾಟರಿ ಹಾಕೇನಿ ಅಂತನೂ ಬರೀರಿ, ನಾಳೆ ವಕೀಲರು ಅದನ್ನ ಕೇಳ್ತಾರ,” ಎಂದರು.

ದಾರಿಯಲ್ಲಿ ಸಂಗನಬಸವ ಕೇಳಿದ, “ಫಕೀರೇಶ ನಿಮ್ಮ ಕಡೆ ಕಲತವ. ತಪಾಸ ಮಾಡದ ಹಚ್ಚಿದ್ನೇನ್ರಿ?”

ಅಷ್ಟು ಹೊತ್ತು ಗಟ್ಟಿಯಾಗಿದ್ದ ದನಿ ಮೊದಲ ಬಾರಿ ಇಳಿಯಿತು. “ಮಾಡ್ಯಾನ. ಅಂಕಿ ಭಾಳ ಬಂತು, ಭಾಳ ಗಟ್ಟಿ ಮಾಲು ಅಂತ ಮುದುಕನ ಯಂತ್ರಕ್ಕ ಬೇಕಂತನ ಅವನ್ನ ಆರಿಸ್ಯಾನ. ಜೋಡಿ ಹಚ್ಚೂದು ಕಲಿಸಿದೆ, ಚೀಟಿ ಬರಿಯೂದು ಕಲಿಸಿದೆ. ಹೆಚ್ಚಿನ ಅಂಕಿಗೂ ಅಂಜಬೇಕು ಅಂತ ಕಲಿಸಲಿಲ್ಲ. ಆಗ ಇಂಥಾ ಖೋಟಾ ಮಾಲು ಇರಲಿಲ್ಲ ಅಂತ ನನಗ ನಾನ ಹೇಳಿಕೊಂಡು ನೋಡಿದೆ. ಸಮಾಧಾನ ಆಗಲಿಲ್ಲ. ಆ ಇನ್ವರ್ಟರಿನ್ಯಾಗ ಒಂದು ಚೀಟಿ ಇದ್ದಿರಬೇಕಲ್ಲ?”

ಠಾಣೆ ಮುಟ್ಟಿದವನೇ ಸಂಗನಬಸವ ಜಪ್ತಿಯಾದ ಮುದ್ದೆಮಾಲು ಇಡುವ ಕೋಣೆಗೆ ಹೋಗಿ ಅಸೂಟಿ ಕೇಸಿನ ಮೊಹರಿನ ಚೀಲದ ಪಟ್ಟಿ ನೋಡಿದ. ಏಳನೇ ಸಾಲು, ತನ್ನದೇ ಕೈಬರಹ: “ಅರ್ಧ ಸುಟ್ಟ ಕಾಗದದ ಚೂರು, ಒಂದು. ನಿರುಪಯುಕ್ತ.” ಪಂಚರ ಮುಂದೆ ಮೊಹರು ಒಡೆದ. ಅಂಚು ಕರಕಾದ ಬೆರಳುದ್ದದ ಚೀಟಿ. ಪೆನ್ಸಿಲಿನಲ್ಲಿ ಬರೆದ ಒಂದು ಜೋಡಿಯ ಅಂಕಿ ಇನ್ನೂ ಓದುವಂತಿತ್ತು: 191–191.

ಕೊಲೆಗಾರ ಎನಿಸಿಕೊಂಡು ಒಬ್ಬ ಉಳ್ಳಾಗಡ್ಡಿ ಚೀಲ ಹೊರುತ್ತಿದ್ದಾಗ ಅವನ ಸಾಕ್ಷಿ ಮೂರು ತಿಂಗಳಿಂದ ಈ ಕೋಣೆಯಲ್ಲೇ ಇತ್ತು.

7 ಗಂಟೆ 20ಕ್ಕೆ ಸಂಗನಬಸವ ಕೇಸ್ ಡೈರಿ ತೆರೆದ. ಅಸೂಟಿ ಪ್ರಕರಣದಲ್ಲಿ ಹೆಚ್ಚಿನ ತನಿಖೆ, ಮಾಲು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ಮೂರನೇ ಸಾಕ್ಷಿ ಮುತ್ತಣ್ಣ ಬಣಗಾರನ ಮರುವಿಚಾರಣೆ ಎಂದು ಬರೆದ. ಕಳವಿನ ಪ್ರಕರಣದಲ್ಲಿ ಉದ್ದೇಶ ಎಂಬಲ್ಲಿ ಪೆನ್ನು ನಿಂತಿತು. ಬೆಂಚಿನ ಮೇಲೆ, ಮೇ 22ರಂದು ಕೂತ ಜಾಗದಲ್ಲೇ ಕೂತಿದ್ದ ಭಾಗೀರಥಿಬಾಯಿ ಅವನನ್ನೇ ನೋಡುತ್ತಿದ್ದರು.

“ಏನು ಬರದ್ರಿ? ಓದ್ರಿ.”

ಅವನು ಓದಿದ. “ಆರೋಪಿಯು ದಿನಾಂಕ 22-5-2024ರಂದು ಠಾಣೆಗೆ ಬಂದು ಮಾಹಿತಿ ನೀಡಿದಾಗ, ನಾನು ಅದನ್ನು ದಾಖಲಿಸದೆ, ಪುರಾವೆ ತರಲು ಹೇಳಿ ಕಳಿಸಿದ್ದೆನು. ಆ ಪ್ರಕಾರ ಪುರಾವೆ ತಂದಿರುತ್ತಾರೆ.”

ರಾಯಣ್ಣ ತಲೆ ಎತ್ತಿದ. ಇದನ್ನು ಬರೆದವನಿಗೆ ನಾಳೆ ಮೇಲಿನವರಿಂದ ಏನು ಬರುತ್ತದೆ ಎಂದು ಅವನಿಗೆ ಗೊತ್ತಿತ್ತು.

ಭಾಗೀರಥಿಬಾಯಿ ಕನ್ನಡಕ ಸರಿಮಾಡಿಕೊಂಡು, ಬಂಧನದ ಮೆಮೊ ತಮ್ಮತ್ತ ಎಳೆದುಕೊಂಡರು.

“ಬರೋಬ್ಬರಿ ಅದ. ಮೊದಲ ನೀವು ಅದಕ್ಕ ಸಹಿ ಮಾಡ್ರಿ. ಆಮ್ಯಾಲೆ ನಾ ಇದಕ್ಕ ಮಾಡ್ತೀನಿ.”

ಸಂಗನಬಸವ ಸಹಿ ಮಾಡಿದ.